ನಪ್ಪಿಗೊಂದು ನಂಬಿಕಸ್ಥರ ಮನೆ

ಇಸಾಲ್ಮಿ,
ಮೇ ೧೨, ಸೋಮವಾರ

ಪ್ರೀತಿಯ ಹೆಲ್ವಿ,

ಮಂಡಿನೋವು ಹೇಗಿದೆ? ನಿದ್ದೆ ಬರುತ್ತಿದೆಯೇ, ಇಲ್ಲ ಪಾಚಿಯ ಕುರಿತ ನಿನ್ನ ಡಾಕ್ಟರೇಟ್ ಪ್ರಬಂಧದ ಆ ಮುನ್ನೂರು ಪುಟಗಳನ್ನು ದಿಂಬಿನಡಿ ಇಟ್ಟುಕೊಂಡೇ ಮಲಗುತ್ತೀಯಾ? ಮೊದಲ ನಲವತ್ತು ಪುಟ ನಾನೂ ಓದಿದೆ. ಒಂದಕ್ಷರ ಅರ್ಥವಾಗಲಿಲ್ಲ, ಆದರೆ ಎಂಥ ಗಂಭೀರವಾದ ಪಾಚಿ! ಐವತ್ತೆಂಟನೇ ವಯಸ್ಸಿನಲ್ಲಿ ಡಾಕ್ಟರಾಗುವವಳಿಗೆ ಇಷ್ಟಾದರೂ ಪಾಚಿ ಬೇಕೇ ಬೇಕು.

ಶುಕ್ರವಾರ ಔಲುವಿನಲ್ಲಿ ನೀನು ಸಭೆಯೆದುರು ಪ್ರಬಂಧವನ್ನು ಸಮರ್ಥಿಸುವಾಗ ನಾನೂ ಇರಬೇಕಾದರೆ ನಮ್ಮ ನಾಯಿ ನಪ್ಪಿಯನ್ನು ಮೂರು ದಿನ ಯಾರಾದರೂ ನೋಡಿಕೊಳ್ಳಬೇಕು. ಹೊರಡುವಾಗ ನೀನು, "ನಂಬಿಕಸ್ಥರು ಸಿಕ್ರೆ ಬಾ. ಇಲ್ದಿದ್ರೆ ಅವನ ಜೊತೆನೇ ಇರು, ನಂಗೇನೂ ಬೇಜಾರಿಲ್ಲ" ಅಂದೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಆ ಕೊನೆಯ ಮಾತಿನ ತೂಕ ನನಗೆ ಗೊತ್ತು. ಅಂದೇ ಶೋಧಕಾರ್ಯ ಆರಂಭಿಸಿದೆ.

ಮೊದಲನೆಯವನು ಊರಲ್ಲಿ ನಾಯಿಗಳನ್ನು ನೋಡಿಕೊಳ್ಳುವ ಯಾರ್ಕೊ. ನಾನಿನ್ನೂ ಅವನ ಮನೆ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದೆ, "ನಿಮ್ಮ ನಾಯಿ ನಮ್ಮನೆ ಮಗು ಇದ್ದಂಗೆ ಕಣಣ್ಣ!" ಎಂದು ಶುರುವಾದವನು ಬೂಟು ಮತ್ತೆ ಹಾಕಿಕೊಳ್ಳುವವರೆಗೂ ನಿಲ್ಲಿಸಲಿಲ್ಲ. ಮಗುವಿನ ವಯಸ್ಸೆಷ್ಟು ಎಂದು ಮಾತ್ರ ಕೇಳಲಿಲ್ಲ. ಇಷ್ಟು ಮಾತಾಡುವವನನ್ನು ನಮ್ಮ ಕಡೆ ಯಾರು ನಂಬುತ್ತಾರೆ ಹೇಳು?

ಆಮೇಲೆ ಸರೋವರದ ಆಚೆ ದಡದ ಇಂಪಿಯ ಮನೆಗೆ ಹೋದೆ. ಹಳೆಯ ದನದ ಕೊಟ್ಟಿಗೆಯನ್ನೇ ನಾಯಿಗಳಿಗೆ ಬೆಚ್ಚಗೆ ಮಾಡಿಟ್ಟಿದ್ದಾಳೆ. ಆಕೆ ಕಾಫಿ ಕೊಟ್ಟಳು, ನಾನು ಕುಡಿದೆ. ಇನ್ನೊಂದು ಲೋಟ ಕೊಟ್ಟಳು, ಅದನ್ನೂ ಕುಡಿದೆ. ನಲವತ್ತು ನಿಮಿಷ ಇಬ್ಬರೂ ತುಟಿ ಬಿಚ್ಚದೆ ನೀರು ನೋಡುತ್ತ ಕುಳಿತೆವು. ಆ ಮೌನಕ್ಕೆ ನೂರಕ್ಕೆ ನೂರು ಅಂಕ ಕೊಟ್ಟು, ತಲೆಯಾಡಿಸಿ, ಮನೆಗೆ ಬಂದೆ. ಬಂದ ಮೇಲೆ ಹೊಳೆಯಿತು: ನನಗೊಂದು ನಾಯಿ ಇದೆ ಎಂಬ ವಿಷಯವನ್ನೇ ಹೇಳಿರಲಿಲ್ಲ!

ಮರುದಿನ ನಪ್ಪಿಯನ್ನು ಕರೆದುಕೊಂಡು ಮತ್ತೆ ಹೋದೆ. "ಓ, ನಾಯಿ ವಿಷ್ಯಾನಾ? ನಿನ್ನೆ ಯಾಕ್ ಬಂದಿದ್ರಿ ಅಂತ ಯೋಚ್ನೆ ಮಾಡ್ತಾನೇ ಇದ್ದೆ. ಕೇಳಿದ್ರೆ ಏನಂದ್ಕೋತೀರೋ ಅಂತ ಸುಮ್ನಾದೆ" ಎಂದಳು. ನಾಯಿ ಎದುರು ಬಂದದ್ದೇ ತಡ, ನೋಡು, ಪ್ರಶ್ನೆಗಳ ಮಳೆ. ಲಸಿಕೆಯ ಪುಸ್ತಕ ಎಲ್ಲಿ? ಗುಡುಗಿಗೆ ಹೆದರ್ತಾನಾ? ಯಾವ ಕಿವಿ ಮುಟ್ಟಿದ್ರೆ ಸಿಟ್ಟು? ವಾಸನೆಗೆ ಇರಲಿ ಎಂದು ನನ್ನ ಒಗೆಯದ ಸ್ವೆಟರನ್ನೂ ಕಿತ್ತುಕೊಂಡಳು. ಶನಿವಾರ ಪರೀಕ್ಷೆಗೆಂದು ಒಂದು ದಿನ ಬಿಟ್ಟುಬಂದೆ. ನಪ್ಪಿ ತಿರುಗಿ ಕೂಡ ನೋಡಲಿಲ್ಲ. ನಮ್ಮ ಸಾಕಣೆ ಅಂಥದ್ದು! ನಾನು ನಾಲ್ಕೇ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕನೆಯ ಸಲ ಇಂಪಿ ತೀರ್ಪು ಕೊಟ್ಟಳು: "ನಾಯಿ ಪಾಸು. ಇನ್ನೊಂದ್ಸಲ ಫೋನ್ ಮಾಡಿದ್ರೆ ನೀವು ಫೇಲು."

ಹೊತ್ತಿಗೆ ಸರಿಯಾಗಿ ಊಟ ಮಾಡು, ಮಂಡಿಗೆ ಉಣ್ಣೆಪಟ್ಟಿ ಬಿಗಿ. ನಪ್ಪಿಯ ಕಡೆಯಿಂದ ಬಾಲದ ನಮಸ್ಕಾರ.

ನಿನ್ನವನೇ ಆದ,
ಅರ್ಮಾಸ್

ತಾ.ಕ.: ಗುರುವಾರದ ರೈಲಿಗೆ ಟಿಕೆಟ್ ತೆಗೆದಿದ್ದೇನೆ, ಮೊದಲ ಸಾಲಿನಲ್ಲಿ ಜಾಗ ಹಿಡಿ. ಕೊನೆಗೆ ನೀನು, ಸಭಿಕರಲ್ಲಿ ಯಾರಿಗಾದರೂ ಆಕ್ಷೇಪಣೆ ಇದ್ದರೆ ಎದ್ದು ಹೇಳಿ ಎಂದು ಕೇಳುವ ಪದ್ಧತಿಯಂತೆ. ಆಗ ನಾನು ಎದ್ದು ನಿಂತರೆ ಗಾಬರಿಯಾಗಬೇಡ. ಆಕ್ಷೇಪಣೆ ಏನೂ ಇಲ್ಲ. ನೀನು ಯಾರ ಹೆಂಡತಿ ಎಂಬುದು ಆ ಸಭೆಗೆ ಗೊತ್ತಾಗಲಿ ಅಂತ, ಅಷ್ಟೇ.