ಲಿನೆಟ್‌ನ ಮುಂಗಾಲು

ಜೂನ್ 8, 1996. ಶನಿವಾರ. ಶ್ಯಾಂಟಿಲಿ

ಬೆಳಿಗ್ಗೆ ಪ್ಯಾಕಿಂಗ್. ಬ್ರೇಕ್ ಹೋಸ್ ಶಾರ್ಲೆಟ್‌ಗೆ, ಹೆಡ್‌ಲೈಟ್ ರಿಂಗ್ ಬಾಲ್ಟಿಮೋರ್‌ಗೆ. ಟೇಪ್ ಮುಗಿಯಿತು. ಅಡುಗೆಮನೆ ಡ್ರಾಯರಿನಲ್ಲಿದ್ದ ಪುಟ್ಟ ಟೇಪಿನಲ್ಲೇ ಸುತ್ತಿದೆ. ಮುರಳಿ ನೋಡಿದ್ದರೆ ಬೈಯುತ್ತಿದ್ದರು. ಅವರು ಅಟ್ಲಾಂಟಾದಲ್ಲಿ. ಒಲಿಂಪಿಕ್ಸ್‌ಗೆ ಟೆಲಿಫೋನ್ ಲೈನ್ ಎಳೆಯುವ ಕಾಂಟ್ರಾಕ್ಟ್, ಆಟ ಮುಗಿಯುವ ತನಕ ಬಿಡುವಿಲ್ಲ. ಗ್ಯಾರೇಜ್ ಪೂರ್ತಿ ನನ್ನದು.

ಫೋನಿನಲ್ಲಿ ಯಾರೋ ಹೊಸಬರು ಕೇಳಿದರು, ಲಿನೆಟ್ ಅಂದರೆ ಎಂಥ ಕಾರು ಅಂತ. ಬಾಗಿಲಿಲ್ಲ, ಟಾಪ್ ಇಲ್ಲ, ಎರಡೇ ಸೀಟು. ಡಬ್ಬಗಳಲ್ಲಿ ಬರುತ್ತಿತ್ತು, ಕೊಂಡವರೇ ಕೂತು ಜೋಡಿಸಿಕೊಳ್ಳಬೇಕಿತ್ತು. ನಾನು ಮತ್ತು ಮುರಳಿ ಹಿಂಭಾಗ ಹಿಡಿದರೆ ಎತ್ತಿ ಪಕ್ಕಕ್ಕೆ ಇಡಬಹುದು, ಅಷ್ಟು ಹಗುರ. ಮಾಡುತ್ತಿದ್ದ ಇಂಗ್ಲೆಂಡಿನ ಕಂಪನಿ ಮುಚ್ಚಿತು. ಕಾರುಗಳು ಮಾತ್ರ ಓಡುತ್ತಲೇ ಇವೆ. ಅದಕ್ಕೇ ಪಾರ್ಟ್ಸ್ ನಾವು ಮಾಡಿಸುತ್ತೇವೆ. ಡ್ರಾಯಿಂಗ್ ಮುರಳಿಯದು. ವೆಲ್ಡಿಂಗ್ ಹೊರಗಡೆ ಒಂದು ಶಾಪ್‌ನಲ್ಲಿ. ಚೆಕ್ ಮಾಡಿ, ಪೇಂಟ್ ಹೊಡೆದು ಕಳಿಸುವುದು ನಾನು.

ಬೆಂಗಳೂರಿನ ಗಡಿಯಾರ ಕಾರ್ಖಾನೆಯಲ್ಲೂ ಚೆಕಿಂಗ್ ಸೆಕ್ಷನ್‌ನಲ್ಲೇ ಇದ್ದೆ. ಅಲ್ಲಿ ತಪ್ಪಿದರೆ ಟೈಮ್ ತಪ್ಪುತ್ತಿತ್ತು, ಅಷ್ಟೇ.

ಜೂನ್ 11. ಮಂಗಳವಾರ

ಯಶವಂತ್ ಕಾರು ಸರ್ವಿಸ್‌ಗೆ ಬಂತು. ಫೇರ್‌ಫ್ಯಾಕ್ಸ್‌ನಲ್ಲಿರುವ ಮೈಸೂರಿನ ಹುಡುಗ. ಹೊಸದಾಗಿ ಲಿನೆಟ್ ಕೊಂಡು ಪ್ರೀತಿಯಲ್ಲಿ ಮುಳುಗಿದ್ದಾನೆ. ಆಯಿಲ್ ಬದಲಾಯಿಸಿ, ಕೆಳಗೆ ಮಲಗಿ ನೋಡುತ್ತಿದ್ದೆ. ಎಡಗಡೆ ಲೋಯರ್ ಆರ್ಮ್ — ಮುಂದಿನ ಚಕ್ರವನ್ನು ಗಾಡಿಗೆ ಹಿಡಿದಿಡುವ ಕೊಳವೆ — ಅದರ ವೆಲ್ಡಿಂಗ್ ಪಕ್ಕದಲ್ಲಿ ತುಕ್ಕಿನ ಗೆರೆ. ಕೂದಲಿನಷ್ಟು. ಪೇಂಟ್ ಇರಬಹುದು ಅಂದುಕೊಂಡೆ. ವೈರ್ ಬ್ರಶ್ ಹಾಕಿ ಉಜ್ಜಿದೆ. ಪೇಂಟ್ ಹೋಯಿತು. ಗೆರೆ ಹೋಗಲಿಲ್ಲ.

“ಎಲ್ಲಾದ್ರೂ ಕರ್ಬ್ ಹೊಡೆದ್ಯಾ, ಫುಟ್‌ಪಾತ್ ಅಂಚಿಗೆ?” ಅಂದೆ.

“ಒಂದ್ಸಲ, ಆಂಟಿ. ಇಲ್ಲೇ ವಿಯೆನ್ನಾ ಮೆಟ್ರೋ ಪಾರ್ಕಿಂಗ್‌ನಲ್ಲಿ. ಸ್ಲೋ ಆಗೇ ಹೋಗ್ತಿದ್ದೆ... ಸೀರಿಯಸ್ಸಾ?”

ಕಾರು ಇಲ್ಲೇ ಬಿಟ್ಟು ಹೋಗು ಅಂದೆ. ಆರ್ಮ್ ಬಿಚ್ಚಿ ಗರಗಸದಲ್ಲಿ ಕತ್ತರಿಸಿದೆ. ಬಿರುಕು ಒಳಗಿನಿಂದ ಶುರುವಾಗಿ ಹೊರಗೆ ಬಂದಿದೆ. ವೆಲ್ಡಿಂಗ್ ಮೇಲ್ಮೈಯಲ್ಲಿ ಮಾತ್ರ ಕೂತಿದೆ, ಒಳಕ್ಕೆ ಇಳಿದೇ ಇಲ್ಲ. ಹೊರಗಿನಿಂದ ನೋಡಿದರೆ ಚೆಂದವಾಗಿತ್ತು. ಚೆಂದವಾಗಿದೆ ಅಂತ ಪಾಸ್ ಮಾಡಿದವಳು ನಾನೇ.

ಈ ವಸಂತದಲ್ಲಿ ವೆಲ್ಡಿಂಗ್ ಶಾಪ್‌ನಿಂದ ಬಂದ ಲಾಟ್ ಇದು. ಆ ಲಾಟ್ ಎಲ್ಲಾ ಮಾರಿಯಾಗಿದೆ.

ಜೂನ್ 12

ಮುರಳಿ ಕೆಲಸಕ್ಕೆ ಹೊರಡುವ ಮುಂಚೆ ಫೋನ್ ಮಾಡಿದರು. ಹೇಳಿದೆ.

“ಕರ್ಬ್ ಹೊಡೆದಿದಾನಲ್ಲ ವೇದಾ. ಒಂದು ಪೀಸ್ ನೋಡಿ ಎಲ್ಲಾರ್ನೂ ಹೆದರಿಸ್ತೀಯಾ? ಮತ್ತೆ ಯಾರು ನಮ್ಮ ಹತ್ರ ತಗೋತಾರೆ?”

“ಕರ್ಬ್ ಹೊಡೆದ್ರೆ ಬಗ್ಗತ್ತೆ ರೀ. ಒಳಗಿಂದ ಬಿಡಲ್ಲ.”

ಮುರಳಿ ಗಿರಾಕಿಗಳ ಹೆಸರು ಒಂದೊಂದಾಗಿ ಎಣಿಸಿದರು. ಆಮೇಲೆ, “ಧೀರಜ್ ಇಲ್ಲೇ ಅಟ್ಲಾಂಟಾದಲ್ಲೇ ಇರೋದು. ಅವನ ಕಾರಿಗೂ ಅದೇ ಲಾಟ್. ಹೋಗಿ ನೋಡ್ತೀನಿ. ಅಲ್ಲಿವರೆಗೆ ಯಾರಿಗೂ ಹೇಳ್ಬೇಡ.”

ಹೇಳಿದೆ. ಮಧ್ಯಾಹ್ನವೆಲ್ಲ ಆ ಲಾಟ್ ಕೊಂಡವರಿಗೆ ಫೋನ್. ಯಾರೂ ಓಡಿಸಬೇಡಿ, ಹೊಸದು ಬರುವ ತನಕ ಗ್ಯಾರೇಜಿನಲ್ಲಿರಲಿ ಅಂತ. ಒಬ್ಬರು ಸಿಟ್ಟಾದರು. ಉಳಿದವರು ಥ್ಯಾಂಕ್ಸ್ ಅಂದರು. ಥ್ಯಾಂಕ್ಸ್ ಕೇಳುವುದೇ ಹೆಚ್ಚು ಕಷ್ಟ.

ಸಿಗದಿದ್ದುದು ಒಂದೇ ಮನೆ. ರಾಲಿಯ ಗುರುಶಾಂತಪ್ಪ ಅಂಕಲ್, ಚನ್ನಮ್ಮ ಆಂಟಿ.

ಜೂನ್ 13

ಅವರ ಮಗಳು, ಇಂದು ಅಂತ ಹೆಸರು, ಫೋನಿನಲ್ಲಿ ಸಿಕ್ಕಳು. ಅಪ್ಪ ಅಮ್ಮ ಲಿನೆಟ್ ತೆಗೆದುಕೊಂಡು ಬ್ಲೂ ರಿಜ್ ಪಾರ್ಕ್‌ವೇಗೆ ಹೋಗಿದ್ದಾರಂತೆ. ಬೆಟ್ಟದ ಮೇಲೆ ರೋಡೋಡೆಂಡ್ರನ್ ಹೂಬಿಟ್ಟಿದೆಯಂತೆ.  ಆ ರಸ್ತೆಯಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ.

ಅಂಕಲ್ ದಾವಣಗೆರೆ ಕಡೆಯವರು, ರಿಟೈರಾದ ದನದ ಡಾಕ್ಟರು. ಕಾರಿನ ಎಲ್ಲದಕ್ಕೂ ಪ್ರಾಣಿಯ ಹೆಸರಿಡುತ್ತಾರೆ. ಲೋಯರ್ ಆರ್ಮ್ ಅವರ ಬಾಯಲ್ಲಿ ಮುಂಗಾಲು. ಆದರೆ ಓಡಿಸುವುದು ಆಂಟಿ. ಅಂಕಲ್ ಪಕ್ಕದಲ್ಲಿ ಮ್ಯಾಪ್ ಹಿಡಿದು ಕೂರುವವರು.

ಮಧ್ಯಾಹ್ನ ಮುರಳಿ ಫೋನ್ ಮಾಡಿದರು. ದನಿ ಬೇರೆಯಾಗಿತ್ತು. “ಧೀರಜ್ ಕಾರಲ್ಲೂ ಇದೆ ವೇದಾ. ಅವನು ಏನೂ ಹೊಡೆದಿಲ್ಲ. ನೀನು ಹೇಳಿದ್ದೇ ಸರಿ. ಎಲ್ಲಾರ್ಗೂ ಫೋನ್ ಮಾಡು.”

“ಮಾಡಾಯ್ತು” ಅಂದೆ.

ಸಂಜೆ ಇಂದು ಮತ್ತೆ ಫೋನ್ ಮಾಡಿದಳು. ಅಮ್ಮ ಬ್ಲೋಯಿಂಗ್ ರಾಕ್‌ನ ಮೋಟೆಲ್‌ನಿಂದ ಮಾತಾಡಿದರಂತೆ. ವಿಷಯ ಹೇಳಿದ್ದಾಳೆ. ಅಂಕಲ್ ಕೂಡಲೇ ಟಾರ್ಚ್ ಹಾಕಿ ನೋಡಿ, ಬಿರುಕಿಲ್ಲ ಅಂದರಂತೆ.

“ನೀನು ಬರೋದಾದ್ರೆ ನಾಳೆ ಮಧ್ಯಾಹ್ನದವರೆಗೆ ಕಾಯ್ತಾರಂತೆ, ಆಮೇಲೆ ಹೊರಡ್ತಾರಂತೆ. ಅಮ್ಮಂಗೆ ಮುಂದಿನ ತಿಂಗಳು ಮಂಡಿ ಆಪರೇಷನ್, ವೇದಾ. ಎಡಗಾಲು. ಆಮೇಲೆ ಕ್ಲಚ್ ಒತ್ತಕ್ಕಾಗುತ್ತೋ ಇಲ್ವೋ ಅಂತ ಅವರಿಗೆ ಭಯ. ಅದಕ್ಕೇ ಈ ಟ್ರಿಪ್. ನನ್ನ ಮಾತು ಕೇಳಲ್ಲ.”

ಇಂಗ್ಲೆಂಡಿನ ಕಂಪನಿಯ ಹಳೆಯ ಸ್ಟಾಕ್‌ನಲ್ಲಿ ಒಂದು ಜೊತೆ ಆರ್ಮ್ ಉಳಿದಿದೆ. ವ್ಯಾನಿಗೆ ಹಾಕಿದೆ. ಜ್ಯಾಕ್, ಸ್ಪ್ಯಾನರ್‌ಗಳು, ಮೊಸರನ್ನದ ಡಬ್ಬಿ.

ಜೂನ್ 14. ಶುಕ್ರವಾರ. ವಿದ್‌ವಿಲ್, ಗ್ಯಾಸ್ ಸ್ಟೇಷನ್

ಬೆಳಕು ಹರಿಯುವ ಮೊದಲೇ ಹೊರಟಿದ್ದೆ. 81ನೇ ಹೈವೇಯಲ್ಲಿ ಟ್ರಕ್ ಮಗುಚಿ ರಸ್ತೆ ಬಂದ್. ಹನ್ನೆರಡಾಯಿತು. ಮೋಟೆಲ್‌ಗೆ ಫೋನ್ ಮಾಡಿದೆ. “ದೇ ಜಸ್ಟ್ ಲೆಫ್ಟ್, ಹನಿ. ಹೆಡೆಡ್ ಸೌತ್.”

ಜೂನ್ 15. ಶನಿವಾರ. ಬ್ಲೋಯಿಂಗ್ ರಾಕ್

ನಿನ್ನೆಯದನ್ನು ಬರೆಯಬೇಕು.

ಪಾರ್ಕ್‌ವೇ ಹತ್ತಿ ದಕ್ಷಿಣಕ್ಕೆ ಹೊರಟೆ. ಪ್ರತಿ ತಿರುವಿನಲ್ಲೂ ಪಕ್ಕದ ಇಳಿಜಾರು ನೋಡುತ್ತಿದ್ದೆ. ನೋಡಬಾರದು ಅಂದುಕೊಂಡೇ ನೋಡುತ್ತಿದ್ದೆ. ಬೆಟ್ಟಗಳು ಒಂದರ ಹಿಂದೆ ಒಂದು, ತಣ್ಣಗೆ, ನನ್ನ ಗಾಬರಿಗೂ ತಮಗೂ ಸಂಬಂಧವಿಲ್ಲ ಎನ್ನುವಂತೆ ಕೂತಿದ್ದವು.

ವಯಡಕ್ಟ್ — ಬೆಟ್ಟದ ಮಗ್ಗುಲಿಗಂಟಿದ ಸೇತುವೆ — ದಾಟಿ ಒಂದು ಓವರ್‌ಲುಕ್, ಕಣಿವೆ ನೋಡಲು ಗಾಡಿ ನಿಲ್ಲಿಸುವ ಜಾಗ. ಅಲ್ಲಿ ಹಳದಿ ಲಿನೆಟ್. ಕಲ್ಲಿನ ಕಟ್ಟೆಯ ಮೇಲೆ ಇಬ್ಬರೂ ಕೂತು ರೊಟ್ಟಿ ತಿನ್ನುತ್ತಿದ್ದಾರೆ. ವ್ಯಾನ್ ನಿಲ್ಲಿಸಿದೆ. ಇಳಿದೆ.

“ಏನವ್ವಾ ವೇದಾ, ಅಲ್ಲಿಂದ ಇಲ್ಲಿಗಂಟ ಬಂದ್ಯಾ?” ಆಂಟಿ ಅಂದರು. “ಕೂತ್ಕ. ಮೊದ್ಲು ರೊಟ್ಟಿ ತಿನ್ನು.”

ತಿಂದೆ. ಶೇಂಗಾ ಚಟ್ನಿ. ಆಮೇಲೆ ಹೇಳಿದೆ, ಇಲ್ಲಿಂದ ಮುಂದೆ ಓಡಿಸಬೇಡಿ.

ಅಂಕಲ್ ಕಾರಿನ ಪಕ್ಕ ಮೊಣಕಾಲೂರಿದರು. “ಬಾ, ನೀನೇ ನೋಡು. ಮುಂಗಾಲು ಎಲ್ಲೂ ಬಿರಿದಿಲ್ಲ. ಕುಂಟುತಾ ಇಲ್ಲ, ಬಾವಿಲ್ಲ.”

ನೋಡಿದೆ. ನಿಜ. ಗೆರೆಯ ಸುಳಿವೂ ಇಲ್ಲ.

“ಇದು ಹೊರಗೆ ಕಾಣಲ್ಲ ಅಂಕಲ್. ಒಳಗಿಂದ ಬರೋದು. ಕತ್ತರಿಸದೇ ಗೊತ್ತಾಗಲ್ಲ.”

“ಗೊತ್ತಾಗಲ್ಲ ಅಂದ್ರೆ?” ಆಂಟಿ ಕೇಳಿದರು. “ಕೆಟ್ಟೈತೋ ಇಲ್ವೋ, ಒಂದ್ ಮಾತ್ ಹೇಳು.”

ಕೆಟ್ಟಿದೆ ಅಂದುಬಿಟ್ಟರೆ ಮುಗಿಯುತ್ತಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು.

“ನಂಗೆ ಗೊತ್ತಿಲ್ಲ ಆಂಟಿ” ಅಂದೆ. “ಗೊತ್ತಿಲ್ಲ ಅಂತಾನೇ ಬಂದಿದೀನಿ.”

 ಆಂಟಿ ರೊಟ್ಟಿಯ ಬಟ್ಟೆ ಮಡಚಿ, “ಬಿಚ್ಚು ಹಂಗಾದ್ರೆ” ಅಂದರು.

ಅಲ್ಲೇ ಜ್ಯಾಕ್ ಏರಿಸಿದೆ. ಎಡಗಡೆ ಸುಲಭವಾಗಿ ಬಂತು. ಹಳೆಯ ಸ್ಟಾಕ್‌ನ ಆರ್ಮ್ ಸರಿಯಾಗಿ ಕೂತಿತು. ಅಂಕಲ್ ಮುಖ ಅರಳಿತು. ಇನ್ನೊಂದನ್ನೂ ಹಾಕಿದರೆ ಅವರು ಮುಂದೆ ಹೋಗಬಹುದಿತ್ತು. ಬಲಗಡೆ ಬೋಲ್ಟ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟೆ, ಬಡಿದೆ, ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಅಂಕಲ್, ನಾನು ಇಬ್ಬರೂ ನೇತಾಡಿದೆವು. ಅಲ್ಲಾಡಲಿಲ್ಲ. ಟೋ ಟ್ರಕ್ ಬಂತು. ಊರಿನ ಗ್ಯಾರೇಜಿನವನು ಸೋಮವಾರ ನೋಡುತ್ತೇನೆ ಅಂದ. ಸೋಮವಾರ ಬೆಳಿಗ್ಗೆ ಆಂಟಿ ರಾಲಿಯಲ್ಲಿ ಆಸ್ಪತ್ರೆ ಟೆಸ್ಟ್‌ಗಳಿಗೆ ಹೋಗಬೇಕು.

ಇವತ್ತು ಇಂದು ಬಂದು ಇಬ್ಬರನ್ನೂ ಕರೆದುಕೊಂಡು ಹೋದಳು. ಅಂಕಲ್ ನನ್ನ ಕೈ ಹಿಡಿದು ಮಾತಾಡಿಸಿದರು. ಆಂಟಿ ಮಗಳ ಕಾರಿನ ಕಿಟಕಿ ಏರಿಸಿದರು. ನನ್ನ ಕಡೆ ತಿರುಗಲಿಲ್ಲ. ಹೂವು ಇರುವುದು ಇನ್ನೂ ಮುಂದೆ, ಆಶ್‌ವಿಲ್ ಹತ್ತಿರ. ಅಲ್ಲಿಯವರೆಗೆ ಅವರು ಹೋಗಲೇ ಇಲ್ಲ.

ಬಾಡಿಗೆ ಟ್ರೇಲರ್ ಸಿಕ್ಕಿದೆ. ಲಿನೆಟ್ ಹೇರಿಕೊಂಡು ನಾಳೆ ಮನೆಗೆ.

ಜೂನ್ 17

ಬೋಲ್ಟ್‌ಗೆ ಗ್ಯಾಸ್ ಟಾರ್ಚ್‌ನ ಜ್ವಾಲೆಯಿಂದ ಶಾಖ ಕೊಟ್ಟೆ. ಬಂತು.

ಮೊದಲು ಬಲಗಡೆಯದನ್ನು ಕತ್ತರಿಸಿದೆ. ವೆಲ್ಡಿಂಗ್ ಪೂರ್ತಿ ಇಳಿದಿದೆ. ಗಟ್ಟಿ. ಎಡಗಡೆಯದನ್ನು ಕತ್ತರಿಸಿದೆ. ಅದೂ ಗಟ್ಟಿ. ನಾಲ್ಕು ತುಂಡುಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ತಪ್ಪಾದರೂ ಸಿಗಲಿ ಅಂತ ಹುಡುಕುತ್ತಿದ್ದೇನೆ ಎಂದು ಆಮೇಲೆ ಹೊಳೆಯಿತು. ನಾಚಿಕೆಯಾಯಿತು.

ಸುಮ್ಮನೆ ತಡೆದೆ ಅವರನ್ನು.

ಜೂನ್ 18

ಮುರಳಿಗೆ ಹೇಳಿದೆ. ಆಡಿಕೊಳ್ಳಲಿಲ್ಲ. “ಧೀರಜ್‌ದು ನಾನು ಕೈಯಲ್ಲಿ ಹಿಡಿದಿದ್ದೆ ವೇದಾ. ಇನ್ನೊಂದು ವಾರ ಇರ್ತಿರಲಿಲ್ಲ ಅದು” ಅಂದರು. ಸ್ವಲ್ಪ ಬಿಟ್ಟು, “ಆಂಟಿಗೆ ಹೇಳ್ಲೇಬೇಕಾ?”

ಅದನ್ನೇ ನಾನೂ ಯೋಚಿಸುತ್ತಿದ್ದೆ. ಹೇಳದಿದ್ದರೆ ಯಾರಿಗೂ ತಿಳಿಯದು. ಜೀವ ಉಳಿಸಿದವಳು ಅಂತ ಆಂಟಿ ಹರಸಿಯೂ ಹರಸಬಹುದು. ಆ ಆಶೀರ್ವಾದ ಹೊತ್ತುಕೊಂಡು ಹೇಗೆ ತಿರುಗುವುದು?

ರಾಲಿಗೆ ಫೋನ್ ಮಾಡಿದೆ. ಆಂಟಿಯೇ ಎತ್ತಿದರು.

“ನಿಮ್ಮ ಕಾರಿನ ಆರ್ಮ್ ಎರಡೂ ಚೆನ್ನಾಗೇ ಇತ್ತು ಆಂಟಿ. ಕತ್ತರಿಸಿ ನೋಡಿದೆ. ನೀವು ಹೋಗಬಹುದಿತ್ತು.”

 “ನಂಗೆ ಸಿಟ್ಟು ಬಂದಿತ್ತು, ವೇದಾ. ಈಗ್ಲೂ ಐತೆ.”

“ಹೂಂ ಆಂಟಿ.”

“ಇವ್ರು ಅಂತಾರೆ, ಹುಚ್ಚು ಹಿಡಿದೈತೆ ಅಂತ ಅನುಮಾನ ಬಂದ ನಾಯಿನ ಕಟ್ಟಿಹಾಕ್ಲೇಬೇಕಂತೆ. ಹಿಡಿದಿಲ್ಲ ಅಂತ ಆಮೇಲೆ ಗೊತ್ತಾದ್ರೆ ಬಿಚ್ಚಿ ಊಟ ಹಾಕ್ಬೇಕಂತೆ.” ನಕ್ಕರೋ ಇಲ್ಲವೋ ತಿಳಿಯಲಿಲ್ಲ. “ನಮ್ ಕಾರು ಅಲ್ಲೇ ಇರ್ಲಿ. ಹೊಸ ಮುಂಗಾಲು ಹಾಕು. ಈ ಸಲ ನೋಡ್ಕಂಡು ಹಾಕು.”

ಇಟ್ಟುಬಿಟ್ಟರು. ಗ್ಯಾರೇಜಿಗೆ ಹೋಗಿ ಕಾರಿಗೆ ಹೊದಿಕೆ ಹಾಕಿದೆ.

ಆಗಸ್ಟ್ 24. ಶನಿವಾರ

ಎರಡು ತಿಂಗಳು ಬರೆಯಲೇ ಇಲ್ಲ. ಮುರಳಿ ಬಂದಿದ್ದಾರೆ, ತೆಳ್ಳಗಾಗಿದ್ದಾರೆ. ವೆಲ್ಡಿಂಗ್ ಶಾಪ್ ಬದಲಾಯಿಸಿದೆವು. ಹೊಸ ಲಾಟ್‌ನಲ್ಲಿ ಪ್ರತಿಯೊಂದೂ ಎಕ್ಸ್‌ರೇ ಆಗಿ ಬಂದಿದೆ. ವಾಪಸ್ ಬಂದ ಹಳೆಯವನ್ನೆಲ್ಲ ಕತ್ತರಿಸಿದೆವು. ಕೆಲವು ಗಟ್ಟಿ, ಕೆಲವು ಅರ್ಧ ಬಿಟ್ಟಿದ್ದವು. ಹೊರಗಿನಿಂದ ಎಲ್ಲಾ ಒಂದೇ ಥರ.

ಸಿಟ್ಟಾಗಿದ್ದ ಗಿರಾಕಿ ಮತ್ತೆ ಬರಲಿಲ್ಲ. ಉಳಿದವರು ಬಂದರು.

ಆಂಟಿಗೆ ಆಪರೇಷನ್ ಆಗಿದೆ. ಫಿಸಿಯೋದವಳು ಹೇಳಿದ್ದಕ್ಕಿಂತ ಹೆಚ್ಚು ನಡೆಯುತ್ತಾರೆ ಅಂತ ಇಂದು ದೂರಿದಳು. ವಾರಕ್ಕೊಮ್ಮೆ ನಾನು ಫೋನ್ ಮಾಡುತ್ತೇನೆ. ಮೊದಮೊದಲು ಅಂಕಲ್ ಮಾತ್ರ ಮಾತಾಡುತ್ತಿದ್ದರು. ಇವತ್ತು ಆಂಟಿಯೇ ಕೇಳಿದರು, “ಬೆಟ್ಟದಲ್ಲಿ ಎಲೆ ಕೆಂಪಾಗೋದು ಯಾವಾಗ?”

ಅಕ್ಟೋಬರ್ 11. ಶುಕ್ರವಾರ. ಬ್ಲೋಯಿಂಗ್ ರಾಕ್

ಲಿನೆಟ್ ಟ್ರೇಲರ್ ಮೇಲೆ ತಂದೆವು. ಅಂಕಲ್, ಆಂಟಿಯನ್ನು ಮಗಳು ಇಂದು ಬಿಟ್ಟು ಹೋದಳು. ಆಂಟಿ ಕೋಲು ಹಿಡಿದು ಕಾರಿನ ಸುತ್ತ ಒಂದು ಸುತ್ತು ಬಂದರು. ಬಗ್ಗಲಾಗದು, ಅಂಕಲ್‌ಗೆ ಹೇಳಿ ಹೊಸ ಆರ್ಮ್ ಮುಟ್ಟಿಸಿ ನೋಡಿದರು.

“ನಾಳೆ ನೀನು ಓಡಿಸು” ಅಂದರು ನನಗೆ. “ನಾನು ಪಕ್ಕದಲ್ಲಿ ಕೂರ್ತೀನಿ. ಇವ್ರು ಮುರಳಿ ಜೊತೆ ವ್ಯಾನ್‌ನಲ್ಲಿ ಬರ್ಲಿ.”

ಇಷ್ಟು ವರ್ಷ ಈ ಕಾರುಗಳನ್ನು ಬಿಚ್ಚಿ ಜೋಡಿಸಿದ್ದೇನೆ. ಟೆಸ್ಟ್‌ಗೆ ಅಂತ ನಮ್ಮ ಬೀದಿಯ ತುದಿಯವರೆಗೆ ಹೋಗಿ ಬಂದಿದ್ದೇನೆ, ಅಷ್ಟೇ.

ಅಕ್ಟೋಬರ್ 12. ಓವರ್‌ಲುಕ್

ಇಲ್ಲಿಯವರೆಗೆ ನಾನೇ. ಮುಖಕ್ಕೆ ರಾಚುವ ತಣ್ಣನೆಯ ಗಾಳಿ, ಕಣ್ಣಲ್ಲಿ ನೀರು. ನೆಲ ಇಷ್ಟು ಹತ್ತಿರ ಓಡುತ್ತದೆ ಅಂತ ಗೊತ್ತೇ ಇರಲಿಲ್ಲ. ಪ್ರತಿ ತಿರುವಿನಲ್ಲೂ ಆಂಟಿಯ ಎಡಗಾಲು ತಾನೇ ಕ್ಲಚ್ ಒತ್ತುವಂತೆ ಒತ್ತುತ್ತಿತ್ತು. ನೋಡಿಯೂ ನೋಡದವಳ ಹಾಗೆ ಇದ್ದೆ. ಬೆಟ್ಟವೆಲ್ಲ ಕುಂಕುಮ, ಅರಿಶಿನ.

ಕಾಫಿಗೆ ನಿಲ್ಲಿಸಿದೆವು. ನಾನು ಪಕ್ಕದ ಸೀಟಿನಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ. ಆಂಟಿ ಕಾಫಿ ಮುಗಿಸಿ, ಕೋಲನ್ನು ಮುರಳಿ ಕೈಗೆ ಕೊಟ್ಟು, ಸ್ಟಿಯರಿಂಗ್ ಹಿಂದೆ ಇಳಿದು ಕೂತರು.  ಅಂಕಲ್, “ಡಾಕ್ಟ್ರು ಏನಂದ್ರು?” ಅಂದರು.

“ನೀವೂ ಡಾಕ್ಟ್ರೇ ಅಲ್ವಾ. ನೀವ್ ಹೇಳಿ.”

ಅಂಕಲ್ ಆಂಟಿಯ ಮಂಡಿ ನೋಡಿದರು, ಮುಖ ನೋಡಿದರು. “ನಿಧಾನ” ಅಂದು ವ್ಯಾನ್ ಕಡೆ ನಡೆದರು.

ಆಂಟಿ ಕ್ಲಚ್ ಒತ್ತಿದರು. ಪೂರ್ತಿ ಹೋಗಲಿಲ್ಲ. ತುಟಿ ಕಚ್ಚಿ ಮತ್ತೆ ಒತ್ತಿದರು. ಹೋಯಿತು. ಗೇರ್ ಬಿತ್ತು. ಕಾರು ಒಮ್ಮೆ ಮುಗ್ಗರಿಸಿ—

“ಬರೆಯೋದು ಸಾಕವ್ವ. ಗಟ್ಟಿಯಾಗಿ ಹಿಡ್ಕ.”

ಹಿಡಿದು