ಸಿಸ್ಟರ್ ಕೇಳಿದ್ದು ನನ್ನನ್ನು

ಅತ್ತೆಯವರೇ,

ಈ ಚೀಟಿ ಓದಿ ನೀವು ಊಟ ಬಿಟ್ಟು ಕೂಡುತ್ತೀರೇನೋ ಎಂಬುದೇ ನನ್ನ ಚಿಂತೆ. ಹಾಗೆ ಮಾಡಬೇಡಿ. ರೊಟ್ಟಿ ಬುಟ್ಟಿಯಲ್ಲಿವೆ. ಶುಗರ್ ಗುಳಿಗೆ ಮರೆಯಬೇಡಿ.

ನಾನು ಪಕ್ಕದ ಮನೆಯ ತಹಮೀನಾ ಆಪಾ ಜೊತೆ, ಅವರ ಕಾರಿನಲ್ಲಿ, ಬೀದರಿಗೆ ಬಸಿರಿನ ತಪಾಸಣೆಗೆ ಹೊರಟಿದ್ದೇನೆ. ನೀವು ಗುಡಿಯಿಂದ ಬರುವ ತನಕ ಬೇಕೆಂದೇ ಕಾಯಲಿಲ್ಲ. ಸಿಟ್ಟು ಬಂದರೆ ಬರಲಿ.

ಹೋದ ಸಲ ಆಸ್ಪತ್ರೆಯಲ್ಲಿ ಸಿಸ್ಟರ್ "ನಿದ್ದಿ ಬರ್ತದೇನವ್ವಾ? ಮನಸ್ಸು ಹ್ಯಾಂಗದ?" ಎಂದು ಕೇಳಿದ್ದು ನನ್ನನ್ನು. "ಛಲೋ ಮಲಗತಾಳ್ರಿ, ಏನೂ ಚಿಂತಿಲ್ರಿ" ಎಂದವರು ನೀವು. ಅವರು ಹಾಗೇ ಬರೆದುಕೊಂಡರು. ಹೊರಗೆ ಬಂದ ಮೇಲೆ "ಖರೇ ಹೇಳಿದ್ರ ಹುಚ್ಚಿ ಅಂತಾರ ನೋಡ" ಎಂದಿರಿ. ಅನ್ನಲಿ ಬಿಡಿ. ನನ್ನ ಬಿಪಿ ಏರಿದ್ದನ್ನು ಓಣಿಗೆಲ್ಲ ಹೇಳಿದ್ದೀರಿ, ಇದನ್ನೇಕೆ ಮುಚ್ಚಿಡಬೇಕು?

ನನಗೋಸ್ಕರ ನೀವೂ ಉಪ್ಪಿಲ್ಲದ ಬೇಳೆ ಉಣ್ಣುತ್ತಿರುವುದು ಗೊತ್ತು. ಇವತ್ತೊಂದು ದಿನ ಉಪ್ಪು ಹಾಕಿಕೊಳ್ಳಿ.

ಈಗಷ್ಟೇ ಸಿಸ್ಟರಿಗೆ ಫೋನ್ ಹಚ್ಚಿದ್ದೆ. ಬಾಯಿಬಿಟ್ಟು ಹೇಳಿದೆ: "ಅತ್ತಿ ಹೇಳಿದ್ದು ಸುಳ್ಳರಿ. ಮೊದಲಿನ ಕೂಸು ಹೋದಂಗ ಇದೂ ಹೋದೀತಂತ ನನಗ ಭಾಳ ಹೆದರಿಕಿ ಆಗ್ತದರಿ."