ರೆಕ್ಕೆಯ ಹೊಲಿಗೆ

ಸೊಲ್ಲಾಪುರ
೧೨ ಫೆಬ್ರವರಿ ೧೯೩೫

ಅಕ್ಕ ಕಸ್ತೂರಬಾಯಿಗೆ ಉಮಾಳ ಶರಣು.

ದುಧನಿಯಿಂದ ನೀನು ಬರೆದ ಪತ್ರ ಬಂದು ಬಹಳ ದಿನವಾಯಿತು. ಬಯ್ಯಬೇಡ, ಬರೆಯಲು ಕೂತರೆ ಕೈ ಏಳುತ್ತಿರಲಿಲ್ಲ. ಅವ್ವ ಆರಾಮ ಇದ್ದಾಳೆ, ನಿನ್ನ ಕೂಸಿಗೆ ಕುಂಚಿಗೆ ಹೊಲಿದಿಟ್ಟಿದ್ದಾಳೆ.

ಅಪ್ಪನ ಸುದ್ದಿ ನಿನಗೆ ಹೇಳಲೇಬೇಕು. ದೀಪಾವಳಿಯಿಂದ ಅವನ ಬಲಗೈ ನಡುಗುತ್ತಿದೆ. ವಿಮಾನ ದುರಸ್ತಿಯ ಶೆಡ್ಡಿನಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾದರೆ ಮನೆಗೆ ಕಳಿಸುತ್ತಾರೆ. ಹಾರುವ ಹುಚ್ಚಿಗೆ ಅಜ್ಜನ ಅರಿವೆ ಅಂಗಡಿಯನ್ನೇ ಬಿಟ್ಟವನು ಇದನ್ನು ಬಿಡುತ್ತಾನೆಯೇ? ಅಲ್ಲಿಯ ಕಟ್ಟಳೆ ನಿನಗೆ ಗೊತ್ತೇ ಇದೆ: ರೆಕ್ಕೆಗೆ ಬಟ್ಟೆ ಹೊಲಿದವನೇ ಮೊದಲ ಪರೀಕ್ಷೆಯ ಹಾರಾಟದಲ್ಲಿ ವಿಮಾನ ನಡೆಸುವ ಸಾಹೇಬನ ಜೊತೆ ಕೂರಬೇಕು. ಹೊಲಿಗೆ ಬಿಟ್ಟರೆ ಹೊಲಿದವನೂ ಬೀಳಲಿ ಎಂದು ಮಾಡಿದ್ದು. ನಾವು ಸಣ್ಣವರಿದ್ದಾಗ ಅಂಥ ದಿನ ಅಪ್ಪ ಇಳಿದ ಸುದ್ದಿ ಬರುವ ತನಕ ಅವ್ವ ಒಲೆ ಹಚ್ಚುತ್ತಿರಲಿಲ್ಲ. ಹಸಿವೆಂದು ಅತ್ತು ನಾವು ಬೈಸಿಕೊಳ್ಳುತ್ತಿದ್ದೆವು.

ಈ ಸಲದ ರೆಕ್ಕೆ ಹೊಲಿದವಳು ನಾನು. ಬುತ್ತಿ ಒಯ್ಯುವ ನೆಪದಲ್ಲಿ ಹೋಗಿ, ಉಳಿದವರು ಊಟಕ್ಕೆ ಎದ್ದಾಗ ಮೇಣದ ದಾರ ಹಾಕುತ್ತಿದ್ದೆ. ಅಪ್ಪ ಪಕ್ಕದಲ್ಲಿ ನಿಂತು ಒಂದೊಂದು ಗಂಟನ್ನೂ ಬಿಗಿಯಾಗಿ ಎಳೆಸುತ್ತಿದ್ದ. ಅವ್ವನಿಗೆ ತಿಳಿದು ರಂಪವಾಯಿತು.

"ಹೊಲದಾಕಿ ಇಕಿ, ಏರಾವ್ರು ನೀವು. ನಾಳಿ ಏನರ ಆದ್ರ ಈ ಹುಡುಗಿ ಬದುಕತಾಳೇನ್ರಿ?"

"ಹಂಗಾರ ನಾನ ಏರತೀನಿ. ಸಾಹೇಬಗ ಖರೆ ಹೇಳತೀನಿ" ಎಂದೆ.

ಅಪ್ಪ ಸಿಟ್ಟಾದ. "ಬಾಯಿ ಮುಚ್ಚು. ನನ್ನ ಹೊಲಿಗಿ ಇದ್ರ ಈಗ ನನಗೂ ಅಂಜಿಕಿ ಇರತಿತ್ತು. ನಿಂದದ, ಅದಕ್ಕ ಕುಂದರತೀನಿ."

ನಿನ್ನೆ ಪರೀಕ್ಷೆ. ನಾನೂ ಹೋಗಿ ಮೈದಾನದ ಬೇಲಿಯ ಹತ್ತಿರ ನಿಂತೆ. ಮೇಲೇರಿದ ಮೇಲೆ ಸಾಹೇಬ ವಿಮಾನದ ಮೂಗು ಕೆಳಗೆ ಮಾಡಿ ನೆಲದತ್ತ ಬಿಟ್ಟ. ರೆಕ್ಕೆ ಅದುರುವುದು ನಿಂತಲ್ಲಿಗೇ ಕಾಣುತ್ತಿತ್ತು. ತುದಿಯ ಕೊನೆಯ ಗಂಟು ಎಳೆದೆನೋ ಇಲ್ಲವೋ ಎಂದು ಒಮ್ಮೆಲೇ ಅನುಮಾನ ಬಂತು. ಎಷ್ಟು ನೆನೆದರೂ ನೆನಪಾಗಲಿಲ್ಲ. ಅಪ್ಪ ಬೀಳುವುದನ್ನು ನೋಡಲಾರೆನೆಂದು ಕಣ್ಣು ಮುಚ್ಚಿಕೊಂಡೆ, ಅಕ್ಕ.

ಬೀಳಲಿಲ್ಲ. ಇಳಿದವನೇ ನಗುನಗುತ್ತಾ ಬಂದ. "ಒಂದ ಗಂಟೂ ಜಗ್ಗಿಲ್ಲ ನೋಡವ್ವ. ಹೋಳಿ ಮುಂದ ಇನ್ನೊಂದು ವಿಮಾನ ಬರತದ, ತಯಾರಿರು" ಎಂದ. ನನಗೆ ಅಳು ಬಂತು. ಖುಷಿಗೆ ಅಳುತ್ತಿದ್ದೇನೆ ಎಂದುಕೊಂಡ ಪುಣ್ಯಾತ್ಮ! ಅವ್ವ ಇನ್ನೂ ನಮ್ಮಿಬ್ಬರ ಜೊತೆ ಮಾತಾಡಿಲ್ಲ.

ಭಾವನವರಿಗೆ ನನ್ನ ಶರಣು ಹೇಳು. ಕೂಸು ನೂರು ವರ್ಷ ಬಾಳಲಿ, ತಂಪು ಗಾಳಿಗೆ ಹೊರಗೆ ಬಿಡಬೇಡ.

ನಿನ್ನ ತಂಗಿ
ಉಮಾ

ತಾ.ಕ.: ಅಕ್ಕಲಕೋಟದ ಸಂಬಂಧದ ಬಗ್ಗೆ ನೀನು ಕೇಳಿದ್ದೆ. ಹುಡುಗ ನಿಂಗಣ್ಣ ನನಗೆ ಮನಸಾರೆ ಒಪ್ಪಿಗೆ, ಇದನ್ನು ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ಆದರೂ ಬೇಡವೆಂದು ಅವರಿಗೆ ತಿಳಿಸಿಬಿಡು. ನಾನು ಈ ಮನೆ ಬಿಟ್ಟರೆ ಅಪ್ಪ ಆ ಕೈಯಿಂದಲೇ ಹೊಲಿದು ಏರುತ್ತಾನೆ. ಅಪ್ಪನಿಗೆ ಬರೆಯುವಾಗ ಮಾತ್ರ, ಉಮಾಗೆ ಹುಡುಗ ಹಿಡಿಸಲಿಲ್ಲವಂತೆ ಎಂದು ಬರೆ.